ಅಕ್ಕಾ, ನಾನು ಕಾಣಿಸ್ಲಿಲ್ವಾ?

ಪಂದ್ಯ ಮುಗಿದಿತ್ತು. ಎರಡೂ ತಂಡದವರು ಬೆರೆತು, ಪಕ್ಕದವರ ಹೆಗಲ ಮೇಲೆ ಕೈ ಹಾಕಿಕೊಂಡು ದೊಡ್ಡದೊಂದು ವೃತ್ತ ಮಾಡಿ ನಿಂತಿದ್ದೆವು. ಅಲ್ಟಿಮೇಟ್ ಅನ್ನೋ ಆಟದಲ್ಲಿ ಇದೊಂದು ಪದ್ಧತಿ. ಸೋತವರು ಗೆದ್ದವರನ್ನು ಹೊಗಳಬೇಕು, ಗೆದ್ದವರು ಸೋತವರನ್ನು. ಊರಾಚೆಯ ಬಾಡಿಗೆ ಮೈದಾನ, ಭಾನುವಾರದ ಬೆಳಗ್ಗೆ, ಎಲ್ಲರ ಮೊಣಕಾಲಲ್ಲೂ ಕೆಮ್ಮಣ್ಣು. ಎದುರಾಳಿ ತಂಡದ ನಾಯಕ ನಮ್ಮನ್ನು ಬಾಯಿ ತುಂಬಾ ಹೊಗಳಿದ. 'ನಿಮ್ಮ ಜೊತೆ ಆಡೋದೇ ಖುಷಿ, ಒಂದು ಫೌಲಿಗೂ ಜಗಳ ಇಲ್ಲ' ಅಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ನನ್ನ ಎಡಗಡೆ ನಿಂತಿದ್ದ ಹುಡುಗಿ ಆಗ ಮೆಲ್ಲಗೆ ಕೇಳಿದಳು: 'ಅಕ್ಕಾ, ಕೊನೇ ಪಾಯಿಂಟಲ್ಲಿ ನಾನು ಕಾಣಿಸ್ಲಿಲ್ವಾ?'

ಕಾಣಿಸಿದ್ದಳು. ಚೆನ್ನಾಗೇ ಕಾಣಿಸಿದ್ದಳು. ಸುತ್ತ ಹತ್ತು ಹೆಜ್ಜೆ ಯಾರೂ ಇಲ್ಲದೆ, ಗೋಲಿನ ಪಟ್ಟಿಯ ಮೂಲೆಗೆ ಕೈ ಎತ್ತಿಕೊಂಡು ಓಡಿದ್ದಳು. ಡಿಸ್ಕ್ ನನ್ನ ಕೈಯಲ್ಲಿತ್ತು. ನಾನು ಅವಳನ್ನು ನೋಡಿದೆ, ಆಮೇಲೆ ಆ ಕಡೆ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ನಮ್ಮ ಎತ್ತರದ ಹುಡುಗನನ್ನು ನೋಡಿದೆ, ಅವನ ಕಡೆಗೇ ಎಸೆದೆ. ಎದುರಾಳಿ ಅದನ್ನು ನೆಲಕ್ಕೆ ಹೊಡೆದು ಹಾಕಿದ. ನಾವು ಸೋತೆವು.

'ಇಲ್ಲ ಕಣೆ, ಗಮನಿಸ್ಲೇ ಇಲ್ಲ' ಅಂದೆ.

ಆ ಸುಳ್ಳಿನ ಲೆಕ್ಕ ಚುಕ್ತಾ ಮಾಡೋದಕ್ಕೇ ಇದನ್ನು ಬರೀತಿದ್ದೀನಿ. ನಾನು ಹೆಂಗಸು, ಅವಳೂ ಹುಡುಗಿ. ಹಾಗಾಗಿ 'ಗಂಡಸರು ಹೀಗೇ' ಅಂತ ಒಂದು ಮಾತಲ್ಲಿ ಮುಗಿಸಿ ಏಳೋ ಅನುಕೂಲ ನನಗಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಫ್ರಿಸ್ಬೀ ತಟ್ಟೆಯ ಆಟ. ತೂಕ 175 ಗ್ರಾಮ್. ನೂರು ಮೀಟರ್ ಉದ್ದ, 37 ಮೀಟರ್ ಅಗಲದ ಅಂಗಳ. ಎರಡು ತುದಿಯಲ್ಲೂ 18 ಮೀಟರಿನ ಗೋಲಿನ ಪಟ್ಟಿ. ಒಂದೊಂದು ಕಡೆ ಏಳೇಳು ಜನ. ನಮ್ಮವರು ಎಸೆದ ಡಿಸ್ಕನ್ನು ಆ ಪಟ್ಟಿಯೊಳಗೆ ಹಿಡಿದರೆ ಒಂದು ಪಾಯಿಂಟ್. ಡಿಸ್ಕ್ ಕೈಯಲ್ಲಿರುವವರು ಓಡುವ ಹಾಗಿಲ್ಲ, ಒಂದು ಕಾಲು ಊರಿ ನಿಂತು ಹತ್ತು ಎಣಿಸುವುದರೊಳಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ಎದುರಾಳಿಯದ್ದು. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್‌ನಲ್ಲಿ ಹೈಸ್ಕೂಲ್ ಹುಡುಗರು ಶುರು ಮಾಡಿದ್ದು. ಇದರ ದೊಡ್ಡ ಹೆಮ್ಮೆ ಅಂದರೆ ಅಂಪೈರ್ ಇಲ್ಲದಿರುವುದು. ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲೂ ಫೌಲ್ ಕರೆಯುವವರು ಆಟಗಾರರೇ, ಒಪ್ಪುವವರೂ ಅವರೇ. ಇದಕ್ಕೆ 'ಸ್ಪಿರಿಟ್ ಆಫ್ ದ ಗೇಮ್' ಅಂತ ಹೆಸರು.

ಇನ್ನೊಂದು ಹೆಮ್ಮೆ, ಗಂಡು ಹೆಣ್ಣು ಸೇರಿ ಆಡುವ 'ಮಿಕ್ಸೆಡ್' ವಿಭಾಗ. ಮಹಿಳೆಯರದ್ದೇ ಆದ ವಿಭಾಗ ಮೊದಲೇ ಇತ್ತು; 1983ರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೇ ಹೆಂಗಸರು ಬೇರೆಯಾಗಿ ಆಡಿದ್ದರು. ಮಿಕ್ಸೆಡ್ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಆದರೆ ಈಗ ಆಟದ ಮುಖ ಅಂದರೆ ಅದೇ. ಒಲಿಂಪಿಕ್ಸಿನಲ್ಲಿಲ್ಲದ ಆಟಗಳಿಗೆ ವರ್ಲ್ಡ್ ಗೇಮ್ಸ್ ಅಂತ ಒಂದು ದೊಡ್ಡ ಕೂಟ ನಡೆಯುತ್ತದಲ್ಲ, 2001ರಲ್ಲಿ ಜಪಾನಿನ ಅಕಿತಾದಲ್ಲಿ ಅಲ್ಟಿಮೇಟ್ ಅಲ್ಲಿಗೆ ಸೇರಿದ್ದು ಮಿಕ್ಸೆಡ್ ರೂಪದಲ್ಲೇ, ಮುಂದುವರಿದದ್ದೂ ಹಾಗೇ. ನಮ್ಮಲ್ಲಂತೂ ಚೆನ್ನೈ, ಬೆಂಗಳೂರು, ಅಹಮದಾಬಾದ್ ಎಲ್ಲಿ ನೋಡಿದರೂ ತಂಡ ಅಂದರೆ ಮಿಕ್ಸೆಡ್ ತಂಡ. ಬೆಂಗಳೂರಿನ ಒಂದು ತಂಡದ ಹೆಸರು 'ತಟ್ಟೆ ಇಡ್ಲಿ ಕಾಲ್ ಸೂಪ್'. ಹೆಸರು ಕೇಳಿಯೇ ಈ ಆಟದ ಮೇಲೆ ಪ್ರೀತಿ ಹುಟ್ಟಬೇಕು. ನನಗೂ ಹಾಗೇ ಹುಟ್ಟಿದ್ದು. ನಾನು ಆಡುವ ತಂಡ ಬೇರೆ.

ಈ ಹೆಮ್ಮೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ ಅಂತ ನನ್ನ ಆಸೆ.

ಮೊದಲು ಅಂಕಗಣಿತ. ಏಳು ಅನ್ನೋದು ಬೆಸ ಸಂಖ್ಯೆ. ಸಮವಾಗಿ ಒಡೆಯುವುದಕ್ಕೆ ಆಗುವುದಿಲ್ಲ. ನಾಲ್ಕು ಗಂಡು ಮೂರು ಹೆಣ್ಣು, ಇಲ್ಲಾ ನಾಲ್ಕು ಹೆಣ್ಣು ಮೂರು ಗಂಡು. ಯಾವುದು ಅನ್ನೋದನ್ನು ಯಾರು ತೀರ್ಮಾನಿಸಬೇಕು? ಮೊದಲೆಲ್ಲ ಒಂದು ತಂಡಕ್ಕೆ ಆಯ್ಕೆ ಬಿಡುತ್ತಿದ್ದರು. ಆಯ್ಕೆ ಕೊಟ್ಟಾಗ ಮೈದಾನಕ್ಕೆ ನಾಲ್ಕನೆಯವರಾಗಿ ಇಳಿಯುತ್ತಿದ್ದದ್ದು ಹೆಚ್ಚಾಗಿ ಯಾರು ಅಂತ ನಾನು ಹೇಳಬೇಕಾಗಿಲ್ಲ. ಈಗ ವಿಶ್ವ ಸಂಸ್ಥೆಯ ನಿಯಮದಲ್ಲಿ ಚೆಂದದ ಉಪಾಯ ಒಂದಿದೆ. ಮೊದಲ ಪಾಯಿಂಟಿಗೆ ಡಿಸ್ಕ್ ಚಿಮ್ಮಿ ತೀರ್ಮಾನ. ಎರಡನೆಯದು, ಮೂರನೆಯದು ಅದಕ್ಕೆ ಉಲ್ಟಾ. ನಾಲ್ಕು, ಐದು ಮತ್ತೆ ಮೊದಲಿನ ಹಾಗೆ. ಹೀಗೇ ಎರಡೆರಡಕ್ಕೆ ಒಮ್ಮೆ ಬದಲಾವಣೆ. ಆಟ ಮುಗಿಯುವ ಹೊತ್ತಿಗೆ ಲೆಕ್ಕ ಹೆಚ್ಚು ಕಡಿಮೆ ಸಮ. ಯಾರ ಒಳ್ಳೆಯತನಕ್ಕೂ ಕಾಯದ ನಿಯಮ ಇದು, ಅದಕ್ಕೇ ನನಗೆ ಇಷ್ಟ.

ಆದರೆ ಈ ನಿಯಮ ಕೊಡುವುದು ನಿಲ್ಲೋ ಜಾಗ ಮಾತ್ರ. ಡಿಸ್ಕ್ ಕೊಡುವುದಿಲ್ಲ.

ನಾನು ಶಾಲೆಯಲ್ಲಿ ಖೋಖೋ ಆಡಿ ಬೆಳೆದವಳು. ಖೋಖೋದಲ್ಲಿ ಸಾಲಾಗಿ ಕೂತ ಎಂಟು ಜನರಲ್ಲಿ ನೀವೂ ಒಬ್ಬರು ಅಂದುಕೊಳ್ಳಿ. ಎಷ್ಟೇ ಕಾಲು ಚುರುಕಾಗಿರಲಿ, ಬೆನ್ನ ಹಿಂದಿನಿಂದ ಯಾರಾದರೂ ಮುಟ್ಟಿ 'ಖೋ' ಅನ್ನುವ ತನಕ ಏಳುವ ಹಾಗಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬಳಿದ್ದಳು, ಅವಳಿಗೆ ಯಾರೂ ಖೋ ಕೊಡುತ್ತಿರಲಿಲ್ಲ. ತಂಡದ ಫೋಟೋದಲ್ಲಿ ಇದ್ದಾಳೆ, ಪ್ರಮಾಣಪತ್ರವೂ ಸಿಕ್ಕಿದೆ. ಆಟ ಆಡಿದಳಾ ಅಂತ ಕೇಳಿದರೆ ಏನು ಹೇಳೋದು? ಅಲ್ಟಿಮೇಟಿನದ್ದೂ ಇದೇ ಕಥೆ. ಇಲ್ಲಿ ನೀವಾಗಿ ಡಿಸ್ಕ್ ಕಿತ್ತುಕೊಂಡು ಓಡಲಾರಿರಿ. ನಿಮ್ಮವರೇ ನಿಮ್ಮನ್ನು ನಂಬಿ ಎಸೆಯಬೇಕು. ಎಸೆಯದಿದ್ದರೆ ನೀವು ನೂರು ಮೀಟರ್ ಉದ್ದಕ್ಕೂ ಓಡುತ್ತಾ ಇರುವ ಪ್ರೇಕ್ಷಕರು.

ಖಾಲಿ ಇರುವವರನ್ನು ನೋಡಿಯೂ ಎಸೆಯದೆ ಮುಖ ತಿರುಗಿಸುವುದಕ್ಕೆ ಆಟಗಾರರ ಮಾತಲ್ಲಿ 'ಲುಕ್ ಆಫ್' ಅಂತಾರೆ. ಮಿಕ್ಸೆಡ್ ಆಡಿರುವ ಯಾವ ಹೆಂಗಸನ್ನಾದರೂ ಈ ಪದ ಗೊತ್ತಾ ಅಂತ ಕೇಳಿ ನೋಡಿ. ನಗುತ್ತಾರೆ. ಆ ನಗುವಿನಲ್ಲೇ ಉತ್ತರ ಇದೆ.

ಇದಕ್ಕೆ ಯಾವಾಗಲೂ ಬರುವ ಸಮರ್ಥನೆ ಒಂದಿದೆ. ನಾನೂ ಅದನ್ನು ನನಗೇ ಹೇಳಿಕೊಂಡಿದ್ದೆ. 'ಇದರಲ್ಲಿ ಗಂಡು ಹೆಣ್ಣು ಏನಿಲ್ಲ, ಗೆಲ್ಲೋ ಸಾಧ್ಯತೆ ಯಾರ ಹತ್ರ ಜಾಸ್ತಿಯೋ ಅವರಿಗೆ ಎಸೀತೀವಿ.' ಕೇಳುವುದಕ್ಕೆ ನ್ಯಾಯವಾಗಿದೆ. ಎತ್ತರ, ವೇಗ ಇವೆಲ್ಲ ಸುಳ್ಳಲ್ಲ. ಆದರೆ ಈ ವಾದ ಒಂದನ್ನು ಮರೆಸುತ್ತದೆ: ಗಂಡಸರನ್ನು ಕಾಯುತ್ತಿರುವವರೂ ಗಂಡಸರೇ. ನಮ್ಮ ಎತ್ತರದ ಹುಡುಗನನ್ನು ಹಿಡಿದು ನಿಂತವನು ಅವನಿಗಿಂತ ಎರಡು ಬೆರಳು ಎತ್ತರ ಇದ್ದ. ಅಂದಮೇಲೆ ನೋಡಬೇಕಾದದ್ದು ಯಾರು ಎತ್ತರ ಅಂತಲ್ಲ, ಈ ಕ್ಷಣ ಯಾರು ಖಾಲಿ ಅಂತ. ಆ ಲೆಕ್ಕದಲ್ಲಿ ನನ್ನ ಎಡಗಡೆಯ ಹುಡುಗಿ ಮೈದಾನದಲ್ಲೇ ಒಳ್ಳೆಯ ಆಯ್ಕೆ. ನಾನು ತಂತ್ರ ಅಂದುಕೊಂಡದ್ದು ಬರೀ ಅಭ್ಯಾಸವಾಗಿತ್ತು.

ಅವಳ ಸುತ್ತ ಯಾರೂ ಯಾಕಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಅವಳನ್ನು ಕಾಯಬೇಕಾಗಿದ್ದವರು ಅವಳನ್ನು ಬಿಟ್ಟು, ನಮ್ಮ ಹುಡುಗನನ್ನು ತಡೆಯುವುದಕ್ಕೆ ಹೋಗಿದ್ದರು. ಇದಕ್ಕೆ 'ಪೋಚ್' ಮಾಡೋದು ಅಂತಾರೆ. ನಿಯಮದಲ್ಲಿ ತಪ್ಪೇನಿಲ್ಲ. ಆದರೆ ಎದುರಾಳಿ ಅಲ್ಲಿ ಸದ್ದಿಲ್ಲದೆ ಹೇಳುತ್ತಿರುವುದು ಏನು? 'ಇವಳಿಗೆ ಇವರು ಎಸೆಯೋದಿಲ್ಲ, ಬಿಡು.' ಅದನ್ನು ಸುಳ್ಳು ಮಾಡುವ ದಾರಿ ಒಂದೇ, ಅವಳಿಗೆ ಎಸೆಯೋದು. ನಾನು ಎಸೆಯಲಿಲ್ಲ. ಅಂದರೆ ಎದುರಾಳಿಯ ಅಂದಾಜಿಗೆ ನಾನೇ ಮೊಹರು ಒತ್ತಿದೆ. ಒಂದೇ ಪಾಯಿಂಟಿನಲ್ಲಿ ಅವಳಿಗೆ ಎರಡು ಕಡೆಯಿಂದ ಒಂದೇ ತೀರ್ಪು ಬಂತು. ಎದುರಾಳಿಯದ್ದನ್ನು ಅವಳು ತಡೆದುಕೊಂಡಾಳು. ನಮ್ಮದನ್ನು?

ಇಲ್ಲಿಗೆ ನನ್ನ ಮುಖ್ಯ ತಕರಾರು. ಪಂದ್ಯ ಆದಮೇಲೆ ತಂಡಗಳು ಒಂದಕ್ಕೊಂದು ಸ್ಪಿರಿಟ್ ಅಂಕ ಕೊಡುತ್ತವೆ. ಐದು ಪ್ರಶ್ನೆ: ನಿಯಮ ಗೊತ್ತಿತ್ತಾ, ಮೈಮೇಲೆ ಬಿದ್ದರಾ, ನ್ಯಾಯವಾಗಿ ಯೋಚಿಸಿದರಾ, ಸಿಟ್ಟು ಹಿಡಿತದಲ್ಲಿತ್ತಾ, ಮಾತುಕತೆ ಹೇಗಿತ್ತು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಕ್ರೀಡಾಲೋಕದಲ್ಲೇ ಅಪರೂಪದ ಪದ್ಧತಿ, ನಾನು ಅದರ ಅಭಿಮಾನಿ. ಆದರೆ ಆ ಐದೂ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ. ಐದೂ ಎದುರಾಳಿಯ ಜೊತೆ ಹೇಗಿದ್ದಿರಿ ಅಂತಲೇ ಕೇಳುತ್ತವೆ. ನಿಮ್ಮದೇ ತಂಡದ ಹೆಂಗಸರ ಜೊತೆ ಹೇಗಿದ್ದಿರಿ ಅಂತ ಒಂದೂ ಕೇಳುವುದಿಲ್ಲ. ಅವತ್ತು ನಮಗೆ ಒಳ್ಳೆಯ ಅಂಕ ಬಂತು. ಬರಲೇಬೇಕಿತ್ತು, ಎದುರಾಳಿಗೆ ನಾವು ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಬೀದಿಯವರಿಗೆಲ್ಲ ಬೇಕಾದ ಮನುಷ್ಯ, ಮನೆಯಲ್ಲಿ ಅನ್ನ ಬಡಿಸಿದವಳ ಕಡೆ ಕತ್ತೆತ್ತಿಯೂ ನೋಡದವನು, ಇಂಥವರನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ತಂಡ ಅವತ್ತು ಆ ಮನುಷ್ಯನ ಹಾಗಿತ್ತು.

ಹಾಗಾದರೆ ಮಿಕ್ಸೆಡ್ಡೇ ಬೇಡ, ಹೆಂಗಸರು ಬೇರೆಯಾಗಿ ಆಡಲಿ ಅಂತೀರಾ? ಹಾಗಂತಲೂ ನನಗೆ ಹೇಳುವುದಕ್ಕಾಗುವುದಿಲ್ಲ.

ಮಹಿಳಾ ವಿಭಾಗದ ಆಟ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಕೆಲಸದ ಹಂಚಿಕೆ. ಮಿಕ್ಸೆಡ್ಡಿನಲ್ಲಿ ದೂರದ ಎಸೆತ, ಆಟ ಕಟ್ಟುವುದು, ಕೊನೆ ಗಳಿಗೆಯ ತೀರ್ಮಾನ ಇವೆಲ್ಲ ತಾನಾಗಿಯೇ ಗಂಡಸರ ಕೈಗೆ ಜಾರುತ್ತವೆ. ಮಹಿಳಾ ತಂಡದಲ್ಲಿ ಜಾರುವುದಕ್ಕೆ ಬೇರೆ ಕೈ ಇಲ್ಲ. ಎಲ್ಲವನ್ನೂ ಹೆಂಗಸರೇ ಮಾಡಬೇಕು, ಮಾಡುತ್ತಾರೆ. 2012ರಲ್ಲಿ ಜಪಾನಿನ ಸಕಾಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಮಹಿಳಾ ಫೈನಲ್ಲಿನಲ್ಲಿ ಜಪಾನ್ ಅಮೆರಿಕವನ್ನು ಸೋಲಿಸಿತು. ಜಪಾನಿನ ಹೆಂಗಸರ ಆಟದಲ್ಲಿ ಎತ್ತರದ ಜೂಜಿಲ್ಲ. ಪುಟ್ಟ ಪುಟ್ಟ ಎಸೆತ, ಚಕಚಕ ಕೈಬದಲು, ನಿಲ್ಲದ ಓಟ. ಎತ್ತರದವನ ತಲೆಯ ಮೇಲೆ ಎಸೆದು ದೇವರ ಮೇಲೆ ಭಾರ ಹಾಕುವ ನಮ್ಮ ಭಾನುವಾರದ ಶೈಲಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಕೊಲಂಬಿಯಾ ನೋಡಿ. 2016ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವರ ಮಹಿಳಾ ತಂಡ ಫೈನಲ್ ತನಕ ಬಂತು. ಮರುವರ್ಷ ಅದೇ ದೇಶ ವರ್ಲ್ಡ್ ಗೇಮ್ಸಿನ ಮಿಕ್ಸೆಡ್ಡಿನಲ್ಲಿ ಬೆಳ್ಳಿ ಗೆದ್ದಿತು. 2019ರಲ್ಲಿ ಅಮೆರಿಕದಲ್ಲಿ ಪ್ರೀಮಿಯರ್ ಅಲ್ಟಿಮೇಟ್ ಲೀಗ್ ಅಂತ ಮಹಿಳೆಯರ ಲೀಗ್ ಶುರುವಾದಾಗ ಮೊದಲ ವರ್ಷವೇ ಪ್ರಶಸ್ತಿ ಎತ್ತಿಕೊಂಡು ಹೋದದ್ದು ಕೊಲಂಬಿಯಾದ ಮೆಡೆಲಿನ್ ನಗರದ ತಂಡ. ಇವೆಲ್ಲ ಬಿಡಿಬಿಡಿ ಸಂಗತಿ ಅಂತ ನನಗೆ ಅನ್ನಿಸುವುದಿಲ್ಲ. ಹೆಂಗಸರದ್ದೇ ತಂಡದಲ್ಲಿ ಎಸೆದು ಪಳಗಿದ ಕೈ ಮಿಕ್ಸೆಡ್ಡಿಗೆ ಬಂದಾಗ ಡಿಸ್ಕ್ ಕೇಳಿ ಪಡೆಯುತ್ತದೆ.

ಹಳೇ ಕಾಲದ ಹೋಲಿಕೆ ಅಂತ ಬೈಯಬೇಡಿ, ನನಗೆ ಬೇರೆ ಸಿಗುತ್ತಿಲ್ಲ: ಮಹಿಳಾ ವಿಭಾಗ ಅನ್ನೋದು ತವರು. ತವರು ಗಟ್ಟಿ ಇದ್ದವಳನ್ನು ಇನ್ನೊಂದು ಮನೆಯಲ್ಲಿ ಯಾರೂ ಸುಲಭಕ್ಕೆ ಮೂಲೆಗೆ ತಳ್ಳಲಾರರು. ನಮ್ಮಲ್ಲಿ ಆಗಿರುವುದು ತವರೇ ಇಲ್ಲದೆ ನೇರ ಗಂಡನ ಮನೆಗೆ ಕಳಿಸಿದ ಹಾಗೆ. ಹುಡುಗಿ ಡಿಸ್ಕ್ ಹಿಡಿಯುವುದನ್ನು ಕಲಿಯುವುದೇ ಮಿಕ್ಸೆಡ್ ತಂಡದಲ್ಲಿ, ಅಲ್ಲಿ ಯಾರೂ ಎಸೆಯುವುದಿಲ್ಲ, ಎಸೆಯದ್ದರಿಂದ ಕಲಿಯುವುದಿಲ್ಲ, ಕಲಿಯದ್ದರಿಂದ ಎಸೆಯುವುದಿಲ್ಲ.

ಹಾಗಿದ್ದೂ ಮಿಕ್ಸೆಡ್ಡನ್ನು ಬಿಟ್ಟುಕೊಡಲು ಮನಸ್ಸು ಬಾರದಿರುವುದಕ್ಕೆ ಕಾರಣ ಇದೆ. ಮಿಕ್ಸೆಡ್ ಇಲ್ಲದಿದ್ದರೆ ಆ ಹುಡುಗಿ ಆ ಮೈದಾನಕ್ಕೇ ಬರುತ್ತಿರಲಿಲ್ಲ. ಬರೀ ಹೆಂಗಸರ ಏಳು ಜನರನ್ನು ಪ್ರತಿ ಭಾನುವಾರ ಆರು ಗಂಟೆಗೆ ಸೇರಿಸುವುದು ನಮ್ಮ ಊರುಗಳಲ್ಲಿ ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಒಬ್ಬಳಿಗೆ ಅತ್ತೆಮನೆಯಲ್ಲಿ ಪೂಜೆ, ಒಬ್ಬಳಿಗೆ ಮಗುವಿಗೆ ಜ್ವರ, ಒಬ್ಬಳ ಅಪ್ಪ ಬೆಳಕು ಹರಿಯುವ ಮುಂಚೆ ಕಳಿಸಲ್ಲ. ಗಂಡಸರ ತಂಡ ಮಾತ್ರ ಇದ್ದಿದ್ದರೆ ನಮಗೆಲ್ಲ ಗಡಿಗೆರೆಯ ಆಚೆ ನೀರಿನ ಬಾಟಲಿ ಕಾಯುವ ಕೆಲಸ ಅಷ್ಟೇ. ಚೆನ್ನೈನ ಫ್ಲೈವೈಲ್ಡ್ ತಂಡದ ಬಗ್ಗೆ '175 ಗ್ರಾಮ್ಸ್' ಅಂತ ಒಂದು ಪುಟ್ಟ ಸಾಕ್ಷ್ಯಚಿತ್ರ 2015ರಲ್ಲಿ ಬಂದಿತ್ತು, ಸಿಕ್ಕರೆ ನೋಡಿ. ಹುಡುಗ ಹುಡುಗಿಯರು ಒಟ್ಟಿಗೆ ಆಡುವುದೇ ದೊಡ್ಡ ಸಂಗತಿಯಾಗಿರುವ ಕಡೆ ಈ ಆಟ ಒಂದು ಬಾಗಿಲು ತೆರೆದಿದೆ ಅನ್ನುವುದು ನಿಜ. ನಾನು ಕೇಳುತ್ತಿರುವುದು ಬಾಗಿಲು ದಾಟಿದಮೇಲೆ ಕೂರಿಸುವುದು ಎಲ್ಲಿ ಅಂತ.

ಮಾತಿನ ಬಗ್ಗೆಯೂ ಸ್ವಲ್ಪ ಗೊಣಗಬೇಕು. ವಿಶ್ವ ಸಂಸ್ಥೆಯಲ್ಲಿ ಮೂರು ಮುಖ್ಯ ವಿಭಾಗ: ಓಪನ್, ವಿಮೆನ್ಸ್, ಮಿಕ್ಸೆಡ್. ಓಪನ್ ಅಂದರೆ ಯಾರು ಬೇಕಾದರೂ ಆಡಬಹುದು ಅಂತ ಅರ್ಥ. ಆಡುವವರು ಗಂಡಸರು. ಅಮೆರಿಕದಲ್ಲಿ 2012ರಲ್ಲಿ ಶುರುವಾದ ವೃತ್ತಿಪರ ಲೀಗೂ ಹೆಸರಿಗೆ ಎಲ್ಲರದ್ದು, ಆಡಿದ ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು. 2017ರ ಕೊನೆಯಲ್ಲಿ ಅದನ್ನು ಪ್ರಶ್ನಿಸಿ, ಹೆಂಗಸರಿಗೂ ಸಮಾನ ಜಾಗ ಕೊಡುವ ತನಕ ಆಡುವುದಿಲ್ಲ ಅಂತ ಆಟಗಾರರು ಬಹಿಷ್ಕಾರದ ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಆ ಲೀಗಿನಲ್ಲಿ ಜಾಗ ಇದ್ದ ಗಂಡಸರೂ ಇದ್ದರು. ಲೀಗು ತನ್ನ ದಾರಿಯಲ್ಲಿ ಹೋಯಿತು, ಹೆಂಗಸರು ತಮ್ಮದೇ ಲೀಗು ಕಟ್ಟಿಕೊಂಡರು. ಬಾಗಿಲಿಗೆ 'ತೆರೆದಿದೆ' ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಒಳಗೆ ಕುರ್ಚಿ ಇದೆ ಅಂತಲ್ಲ.

ಇದಕ್ಕೆ ಎದುರಾಗಿ ಮಿಕ್ಸೆಡ್ಡಿನ ನಿಯಮಪುಸ್ತಕದಲ್ಲಿ ಒಂದು ಪದ ನನಗೆ ಹಿಡಿಸಿದೆ. ಆಟಗಾರರನ್ನು ಗಂಡು, ಹೆಣ್ಣು ಅನ್ನುವ ಬದಲು 'ಮೇಲ್ ಮ್ಯಾಚಿಂಗ್', 'ಫೀಮೇಲ್ ಮ್ಯಾಚಿಂಗ್' ಅನ್ನುತ್ತಾರೆ. ನೀವು ಯಾರ ಎದುರು ಜೋಡಿಯಾಗಿ ಆಡುತ್ತೀರಿ ಅನ್ನುವುದನ್ನು ಹೇಳುವ ಪದ. ಗಂಡು ಹೆಣ್ಣು ಎಂಬ ಎರಡು ಡಬ್ಬಿಯಲ್ಲಿ ಹಿಡಿಸದವರಿಗೂ ಅದರಲ್ಲಿ ಕೊಂಚ ಜಾಗ ಇದೆ. ಮಾತು ಬದಲಾದರೆ ಎಲ್ಲ ಬದಲಾಗುತ್ತದೆ ಅಂತ ನಾನು ನಂಬಿಲ್ಲ. ಆದರೆ ಯಾರೋ ಕೂತು ಯೋಚನೆ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ.

ನಿಯಮದಿಂದ ಇನ್ನಷ್ಟು ಮಾಡಬಹುದಾ? ಕಾರ್ಫ್‌ಬಾಲ್ ಅಂತ ಒಂದು ಆಟ ಇದೆ, ನೆದರ್‌ಲ್ಯಾಂಡ್ಸಿನದು, ನೂರು ವರ್ಷಕ್ಕೂ ಹಳೆಯದು. ಅಲ್ಲಿ ನಾಲ್ಕು ಹೆಣ್ಣು, ನಾಲ್ಕು ಗಂಡು, ಸಮಸಮ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮಾತ್ರ ಕಾಯಬೇಕು. ಎರಡು ಗೋಲಿಗೊಮ್ಮೆ ದಾಳಿಯವರು ರಕ್ಷಣೆಗೆ, ರಕ್ಷಣೆಯವರು ದಾಳಿಗೆ. ಯಾರನ್ನೂ ಖಾಯಂ ಹಿತ್ತಲಲ್ಲಿ ನಿಲ್ಲಿಸುವ ಹಾಗಿಲ್ಲ. ಅಲ್ಟಿಮೇಟಿನಲ್ಲಿ ಯಾರು ಯಾರನ್ನು ಕಾಯಬೇಕು ಅಂತ ನಿಯಮ ಇಲ್ಲ, ಅದು ರೂಢಿ ಅಷ್ಟೇ. ಆ ಸ್ವಾತಂತ್ರ್ಯ ಆಟಕ್ಕೆ ಸೊಗಸು ತಂದಿದೆ, ನಾನು ಕಾರ್ಫ್‌ಬಾಲಿನ ಕಟ್ಟುಪಾಡನ್ನು ಬಯಸುವುದಿಲ್ಲ. 'ಹೆಣ್ಣಿಗೆ ಒಂದು ಎಸೆತ ಕಡ್ಡಾಯ' ಅಂತ ನಿಯಮ ಮಾಡಿದರೆ ಅದು ದಾನವಾಗುತ್ತದೆ. ದಾನದ ಡಿಸ್ಕ್ ಹಿಡಿಯುವುದಕ್ಕೆ ಯಾರೂ ಅಷ್ಟು ದೂರ ಓಡುವುದಿಲ್ಲ.

ನನ್ನ ಬೇಡಿಕೆ ಚಿಕ್ಕದು. ಒಂದು, ಪ್ರತಿ ಮಿಕ್ಸೆಡ್ ತಂಡವೂ ವಾರದಲ್ಲಿ ಒಂದು ಅಭ್ಯಾಸವನ್ನು ಹೆಂಗಸರಿಗೇ ಬಿಟ್ಟುಕೊಡಲಿ. ನಾಲ್ಕು ಜನ ಬಂದರೆ ನಾಲ್ಕು ಜನ. ಅಲ್ಲಿ ದೂರದ ಎಸೆತ ಎಸೆಯುವುದೂ ಅವರೇ, ತಪ್ಪು ಮಾಡುವುದೂ ಅವರೇ. ಎರಡು, ಪಂದ್ಯದ ಸ್ಕೋರು ಬರೆಯುವ ಹುಡುಗನ ಕೈಗೆ ಇನ್ನೊಂದು ಹಾಳೆ ಕೊಡಿ, ಯಾರ ಕೈಗೆ ಎಷ್ಟು ಸಲ ಡಿಸ್ಕ್ ಬಂತು ಅಂತ ಗೀಟು ಹಾಕಲಿ. ಅದನ್ನು ಎದುರಾಳಿಗೆ ತೋರಿಸಬೇಕಿಲ್ಲ. ನಾವೇ ನೋಡಿಕೊಳ್ಳೋಣ. ಫೌಲನ್ನು ನಾವೇ ಕರೆದು ನಾವೇ ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕರು ಅಂತ ಬೀಗುವ ನಮಗೆ ಇಷ್ಟು ಕಷ್ಟವಾಗಬಾರದು.

ಅವತ್ತಾದ ಮೇಲೆ ನಾನೇ ಆ ಹಾಳೆ ಹಿಡಿದು ಒಂದು ಪಂದ್ಯ ಹೊರಗೆ ಕೂತೆ. ಅರ್ಧ ಆಟ ಮುಗಿಯುವ ಹೊತ್ತಿಗೆ ಆ ಹುಡುಗಿಯ ಹೆಸರಿನ ಮುಂದಿನ ಗೀಟುಗಳಿಗೆ ಒಂದು ಕೈಯ ಬೆರಳು ಸಾಕಾಗಿತ್ತು. ಹಾಳೆಯನ್ನು ತಂಡದವರ ಮುಂದಿಟ್ಟೆ. ಯಾರೂ ಏನೂ ಅನ್ನಲಿಲ್ಲ. ನಮ್ಮ ಎತ್ತರದ ಹುಡುಗ ಮಾತ್ರ ಸುಮಾರು ಹೊತ್ತು ನೋಡಿ, 'ಇದ್ರಲ್ಲಿ ನಂದೇ ಜಾಸ್ತಿ ಇದೆಯಲ್ಲ ಅಕ್ಕಾ, ನಂಗೆ ಉಸಿರು ಹೋಗೋದು ಇದಕ್ಕೇನಾ' ಅಂದ. ಎಲ್ಲರೂ ನಕ್ಕರು.

ಮುಂದಿನ ಭಾನುವಾರ ನಾನು ಮತ್ತೆ ಮೈದಾನಕ್ಕೆ ಇಳಿದೆ. ಆಟಕ್ಕೆ ಮುಂಚೆ, ಶೂ ಲೇಸು ಕಟ್ಟುತ್ತಿದ್ದ ಅವಳ ಪಕ್ಕ ಕೂತು ಹೇಳಿದೆ: 'ಅವತ್ತು ನೀನು ಕಾಣಿಸಿದ್ದೆ ಕಣೆ. ನೋಡಿಯೂ ಎಸೀಲಿಲ್ಲ.'

ಅವಳು ತಲೆ ಎತ್ತಲಿಲ್ಲ. ಗಂಟು ಬಿಗಿದು, 'ಗೊತ್ತಿತ್ತು ಅಕ್ಕಾ' ಅಂದಳು.

ಅವತ್ತು ಅವಳಿಗೆ ಎಸೆದೆ. ಎರಡು ಹಿಡಿದಳು, ಒಂದು ಬಿಟ್ಟಳು. ಬಿಟ್ಟಾಗ ನನ್ನ ಕಡೆ ತಿರುಗಿ ನೋಡಿದಳು, ಇನ್ನೊಮ್ಮೆ ಎಸೆಯುತ್ತಾಳೋ ಇಲ್ಲವೋ ಅನ್ನುವ ಹಾಗೆ.